ಇನ್ನು ಯಾರು?

ಅಮೆರಿಕದ ಕೆಂಟಕಿ ರಾಜ್ಯದಲ್ಲಿ ಗವರ್ನರ್ ಯಾರೆಂದು ತಿಳಿಯದವರು ಸಿಕ್ಕಾರು. ಅಲ್ಲಿಯ ವಿಶ್ವವಿದ್ಯಾಲಯದ ಬಾಸ್ಕೆಟ್‌ಬಾಲ್ ತಂಡದ ಕೋಚ್ ಯಾರೆಂದು ತಿಳಿಯದವರು ಸಿಗಲಾರರು. 2024ರ ಎಪ್ರಿಲಿನಲ್ಲಿ ನಾಲ್ಕೈದು ದಿನಗಳ ಮಟ್ಟಿಗೆ ಆ ಸ್ಥಾನ ತೆರವಾಗಿತ್ತು. ಇಡೀ ರಾಜ್ಯವೇ ಮಾಡುವ ಕೆಲಸ ಬಿಟ್ಟು ‘ಇನ್ನು ಯಾರು?’ ಎಂದು ಕೇಳುತ್ತಿದ್ದ ಆ ದಿನಗಳಲ್ಲಿ ನಾನು ಅಲ್ಲಿಯ ಲೆಕ್ಸಿಂಗ್ಟನ್ ಪಟ್ಟಣದಲ್ಲಿ ಮಗಳ ಮನೆಯಲ್ಲಿದ್ದೆ. ಕಾಸರಗೋಡಿನ ಹಳ್ಳಿಯೊಂದರ ನಿವೃತ್ತ ಕನ್ನಡ ಮಾಸ್ತರನಿಗೂ ಅಮೆರಿಕದ ಕಾಲೇಜು ಹುಡುಗರ ಚೆಂಡಾಟಕ್ಕೂ ಎಲ್ಲಿಯ ಸಂಬಂಧ ಎಂದು ನೀವು ಕೇಳಬಹುದು. ಆ ಸಂಬಂಧ ಹುಟ್ಟಿದ್ದು ಒಂದು ಕ್ಷೌರದಂಗಡಿಯಲ್ಲಿ.

ಕಾರು ಬಿಡಲು ಬಾರದವನಿಗೆ ಅಮೆರಿಕ ಎಂದರೆ ಒಂದು ದೊಡ್ಡ ಜಗಲಿ. ಮಗಳೂ ಅಳಿಯನೂ ಬೆಳಗ್ಗೆ ಕೆಲಸಕ್ಕೆ ಹೋದರೆ ಮತ್ತೆ ಮಾತಿಗೆ ಸಿಗುವುದು ಕತ್ತಲಾದ ಮೇಲೆ. ನಡೆದು ಹೋಗುವಷ್ಟು ದೂರದಲ್ಲಿದ್ದದ್ದು ಆ ಅಂಗಡಿಯೊಂದೇ. ತಿಂಗಳಿಗೊಮ್ಮೆ ತಲೆ ಕೊಟ್ಟು, ಉಳಿದ ದಿನಗಳಲ್ಲಿ ಸುಮ್ಮನೆ ಕುಳಿತು ಬರುವುದಕ್ಕೆ ಅಂಗಡಿಯ ಯಜಮಾನರ ಆಕ್ಷೇಪವಿರಲಿಲ್ಲ. ನನ್ನ ಹಾಗೆ ಸುಮ್ಮನೆ ಕುಳಿತುಕೊಳ್ಳುವವರು ಬೇರೆಯೂ ಇದ್ದರು. ಶಾಲೆಯ ಬಸ್ಸು ಓಡಿಸಿ ನಿವೃತ್ತರಾದ ಕಪ್ಪು ಜನಾಂಗದ ಒಬ್ಬ ಹಿರಿಯರು, ಕುದುರೆ ಲಾಯದಲ್ಲಿ ದುಡಿಯುವ ಒಬ್ಬ ತರುಣ, ಪೂರ್ವದ ಕಲ್ಲಿದ್ದಲಿನ ಗುಡ್ಡಗಳಿಂದ ಬಂದು ಪಟ್ಟಣದಲ್ಲಿ ನೆಲೆಸಿದ ಒಬ್ಬ ಮುದುಕ. ಮೂಲೆಯಲ್ಲಿ ಒಂದು ರೇಡಿಯೋ. ನಮ್ಮೂರಿನ ಚಹಾದಂಗಡಿಗೂ ಅದಕ್ಕೂ ಇದ್ದ ದೊಡ್ಡ ವ್ಯತ್ಯಾಸವೆಂದರೆ ಅಲ್ಲಿ ಚಹಾ ಸಿಗುತ್ತಿರಲಿಲ್ಲ.

ಆಟದ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ಜೇಮ್ಸ್ ನೈಸ್ಮಿತ್ ಎಂಬ ವ್ಯಾಯಾಮ ಶಿಕ್ಷಕರು 1891ರಲ್ಲಿ ಮ್ಯಾಸಚೂಸೆಟ್ಸಿನ ಸ್ಪ್ರಿಂಗ್‌ಫೀಲ್ಡಿನಲ್ಲಿ, ಚಳಿಗಾಲಕ್ಕೆ ಛಾವಣಿಯ ಕೆಳಗೆ ಆಡಲು ಒಂದು ಆಟ ಬೇಕೆಂದು, ಪೀಚ್ ಹಣ್ಣಿನ ಬುಟ್ಟಿಗಳನ್ನು ಹತ್ತು ಅಡಿ ಎತ್ತರದಲ್ಲಿ ಕಟ್ಟಿ ಇದನ್ನು ಹುಟ್ಟಿಸಿದರು. ಮುಂದೆ ಅವರು ಕನ್ಸಾಸ್ ವಿಶ್ವವಿದ್ಯಾಲಯದ ಮೊದಲ ಕೋಚ್ ಆದರು. ಅವರ ಲೆಕ್ಕ 55 ಗೆಲುವು, 60 ಸೋಲು. ಆ ವಿಶ್ವವಿದ್ಯಾಲಯದ ಚರಿತ್ರೆಯಲ್ಲೇ ಗೆದ್ದದ್ದಕ್ಕಿಂತ ಹೆಚ್ಚು ಸೋತ ಏಕೈಕ ಕೋಚ್ ಎಂದರೆ ಆಟವನ್ನು ಹುಟ್ಟಿಸಿದ ಮಹಾನುಭಾವರೇ! ಅವರ ಶಿಷ್ಯರು ಫಾಗ್ ಅಲೆನ್. ಅಲೆನ್ನರ ಕೈಕೆಳಗೆ ಕನ್ಸಾಸಿನಲ್ಲಿ ಆಡಿ ಕಲಿತವರು ಅಡಾಲ್ಫ್ ರಪ್. ಈ ರಪ್ 1930ರಲ್ಲಿ ಕೆಂಟಕಿಗೆ ಬಂದು, 42 ವರ್ಷ ಕೋಚ್ ಆಗಿದ್ದು, 876 ಪಂದ್ಯಗಳನ್ನು ಗೆದ್ದು, ನಾಲ್ಕು ಬಾರಿ ರಾಷ್ಟ್ರದ ಪಟ್ಟವನ್ನು ತಂದರು. 1972ರಲ್ಲಿ ಎಪ್ಪತ್ತು ವರ್ಷದ ನಿವೃತ್ತಿ ನಿಯಮ ಅವರನ್ನು ಮನೆಗೆ ಕಳುಹಿಸಿತು. ಅನಂತರ ಬಂದವರ ಕಾಲದಲ್ಲಿ 1978, 1996, 1998 ಮತ್ತು 2012ರಲ್ಲಿ ಪುನಃ ನಾಲ್ಕು ಪಟ್ಟಗಳು ಬಂದವು. ವೃತ್ತಿಪರ ಬಾಸ್ಕೆಟ್‌ಬಾಲಿನ ದೊಡ್ಡ ಲೀಗಾದ ಎನ್‌ಬಿಎಯ ತಂಡ ಆ ರಾಜ್ಯದಲ್ಲಿಲ್ಲ. ಗಣಿಯಿಂದ ಮಸಿ ಹಿಡಿದು ಮನೆಗೆ ಬರುವವನಿಗೂ, ತಂಬಾಕಿನ ಗದ್ದೆಯವನಿಗೂ, ವಕೀಲನಿಗೂ, ಡಾಕ್ಟರನಿಗೂ ನಮ್ಮದೆನ್ನಲು ಇದ್ದದ್ದು ನೀಲಿ ಅಂಗಿಯ ಈ ಹುಡುಗರು. ಗುಡ್ಡದ ಮುದುಕ ತನ್ನ ಬಾಲ್ಯದಲ್ಲಿ ಅಪ್ಪನ ಜೊತೆ ರೇಡಿಯೋಕ್ಕೆ ಕಿವಿಯಿಟ್ಟು ಕುಳಿತದ್ದನ್ನು ಹೇಳುವಾಗ, ಕುಲದೇವರ ಹೆಸರು ಹೇಳುವಂತೆ ರಪ್ಪರ ಹೆಸರು ಹೇಳುತ್ತಿದ್ದ.

ಮಾರ್ಚ್ ತಿಂಗಳಲ್ಲಿ 68 ತಂಡಗಳ ರಾಷ್ಟ್ರೀಯ ಪಂದ್ಯಾವಳಿ ನಡೆಯುತ್ತದೆ. ಒಂದು ಸಲ ಸೋತರೆ ಗಂಟುಮೂಟೆ ಕಟ್ಟಬೇಕು. 2024ರ ಮಾರ್ಚ್ 21ರಂದು ಕೆಂಟಕಿ ತನ್ನ ಮೊದಲ ಪಂದ್ಯದಲ್ಲಿಯೇ ಮಿಷಿಗನ್ನಿನ ಓಕ್‌ಲೆಂಡ್ ಎಂಬ, ಹೆಚ್ಚಿನವರು ಹೆಸರೇ ಕೇಳದ ತಂಡಕ್ಕೆ 80-76ರಿಂದ ಸೋತಿತು. ಜ್ಯಾಕ್ ಗೋಲ್ಕಿ ಎಂಬ ಹುಡುಗ ದೂರದಿಂದಲೇ ಹತ್ತು ಸಲ ಮೂರು ಮೂರು ಅಂಕದ ಚೆಂಡು ಹಾಕಿದ. ಮರುದಿನ ಕ್ಷೌರದಂಗಡಿಯಲ್ಲಿ ಸಾವಿನ ಮನೆಯ ಮೌನ. ಅದರ ಮರುದಿನ ಮಾತು ಶುರುವಾಯಿತು; ಮತ್ತೆ ಮೂರು ವಾರ ನಿಲ್ಲಲಿಲ್ಲ.

ಆಗ ಕೋಚ್ ಆಗಿದ್ದವರು ಜಾನ್ ಕ್ಯಾಲಿಪಾರಿ. 2009ರಲ್ಲಿ ಬಂದವರು, 2012ರ ಪಟ್ಟ ತಂದವರು. ಅವರನ್ನು ತೆಗೆಯಬೇಕೆಂದು ಅರ್ಧ ರಾಜ್ಯ, ಬೇಡವೆಂದು ಇನ್ನರ್ಧ. ತೆಗೆದರೆ ಒಪ್ಪಂದದ ಪ್ರಕಾರ ಮೂರು ಕೋಟಿ ಡಾಲರಿಗೂ ಮಿಕ್ಕಿ ಹಣ ಕೊಡಬೇಕೆಂದು ವರದಿಯಾಗಿತ್ತು. ಇಷ್ಟು ವಾದ ನಡೆಯುತ್ತಿರುವಾಗ ಅವರೇ ಎಪ್ರಿಲ್ ಎರಡನೆಯ ವಾರದಲ್ಲಿ ಅರ್ಕನ್ಸಾಸ್ ವಿಶ್ವವಿದ್ಯಾಲಯಕ್ಕೆ ಹೊರಟುಹೋದರು. ತೆಗೆಯಬೇಕೆಂದು ಕೂಗಿದವರಿಗೂ ಅವಮಾನವಾಯಿತು. ಮನೆಯಿಂದ ಹೋಗು ಎನ್ನುವ ಮೊದಲೇ ಅಳಿಯ ಎದ್ದು ಹೋದಂತೆ!

ಆಮೇಲೆ ಶುರುವಾಯಿತು ನೋಡಿ ಹೆಸರುಗಳ ಜಾತ್ರೆ. ಕನೆಕ್ಟಿಕಟ್ಟಿಗೆ ಸತತ ಎರಡನೆಯ ಪಟ್ಟವನ್ನು ಆಗ ತಾನೇ ಗೆದ್ದುಕೊಟ್ಟ ಡ್ಯಾನ್ ಹರ್ಲಿ ಬರಲಿ ಎಂದು ಕುದುರೆ ಲಾಯದ ತರುಣ. ಬೇಲರಿನ ಸ್ಕಾಟ್ ಡ್ರೂ ಆಗಬಹುದೆಂದು ಯಜಮಾನರು. ಹಿಂದೆ ಇಲ್ಲಿಯೇ ಸಹಾಯಕರಾಗಿದ್ದು, ಆಗ ಶಿಕಾಗೋದ ವೃತ್ತಿಪರ ತಂಡದಲ್ಲಿದ್ದ ಬಿಲ್ಲಿ ಡೊನೊವನ್ ಸಾಕೆಂದು ಗುಡ್ಡದ ಮುದುಕ. ಪಟ್ಟಣದ ವಿಮಾನ ನಿಲ್ದಾಣದಿಂದ ಯಾವ ಖಾಸಗಿ ವಿಮಾನ ಯಾವ ದಿಕ್ಕಿಗೆ ಹಾರಿತೆಂದು ಲೆಕ್ಕವಿಟ್ಟು, ಯಾರನ್ನು ಕರೆತರಲು ಹೋಗಿದ್ದಾರೆಂದು ಊಹಿಸುವವರೂ ಇದ್ದರು. ಹರ್ಲಿ ಬರುವುದಿಲ್ಲವೆಂದಾಯಿತು; ಡ್ರೂ ಕೂಡ ಬರುವುದಿಲ್ಲವೆಂದಾಯಿತು. ಪ್ರತಿಯೊಂದು ನಿರಾಕರಣೆಯನ್ನೂ ಇವರು, ಕಂಡು ಹೋದ ಮೇಲೆ ಒಪ್ಪಿಗೆಯಾಗಲಿಲ್ಲವೆಂದು ಹುಡುಗನ ಕಡೆಯವರಿಂದ ಹೇಳಿ ಬಂದಾಗ ಹೆಣ್ಣಿನ ಮನೆಯವರು ಸಹಿಸುವಂತೆ ಸಹಿಸಿದರು.

ನನಗೆ ಈ ಗಮ್ಮತ್ತು ಹೊಸದಲ್ಲ. ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಹುಟ್ಟಿದವನು ನಾನು. ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮುಂದಿನ ತಿರುಗಾಟಕ್ಕೆ ಭಾಗವತರು ಯಾರು, ಯಾವ ವೇಷಧಾರಿ ಯಾವ ಮೇಳಕ್ಕೆ ಎಂದು ಮಳೆಗಾಲವಿಡೀ ಮಾತಾಡುವ ಜನ ನಾವು. ಮೇಳದ ಯಜಮಾನರು ಒಂದು ದಿನವಾದರೂ ನಮ್ಮನ್ನು ಕೇಳಿದ್ದುಂಟೇ? ಆದರೂ ನಮ್ಮ ತೀರ್ಮಾನ ನಮ್ಮ ಹತ್ತಿರ ತಯಾರಿರುತ್ತದೆ. ಇದನ್ನು ಒಂದು ಸಂಜೆ, ಚೆರುವತ್ತೂರು ಕಡೆಯಿಂದ ಬಂದು ಅಲ್ಲಿಯ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಹೆಣ್ಣುಮಗಳಿಗೆ ಹೇಳಿದೆ. ಊರಿನಲ್ಲಾದರೆ ಅವಳು ಮಲಯಾಳದವಳು, ನಾನು ಕನ್ನಡದವನು; ಲೆಕ್ಸಿಂಗ್ಟನ್ನಿನಲ್ಲಿ ಇಬ್ಬರೂ ಒಂದೇ ಜಿಲ್ಲೆಯವರು. ನನ್ನನ್ನು ‘ಮಾಷೇ’ ಎಂದೇ ಕರೆಯುತ್ತಾಳೆ. “ನಮ್ಮ ತೃಕ್ಕರಿಪುರದ ಕಡೆ ಫುಟ್ಬಾಲಿಗೂ ಹೀಗೆಯೇ ಅಲ್ಲವೇ ಮಾಷೇ, ಕ್ಲಬ್ಬಿನ ಕಮಿಟಿಗಿಂತ ಹೊರಗಿನ ಕಟ್ಟೆಯಲ್ಲೇ ಜಾಸ್ತಿ ಮೀಟಿಂಗ್” ಎಂದು ನಕ್ಕಳು.

ಆದರೆ ಅಂಗಡಿಯ ಮಾತಿನಲ್ಲಿ ದಿನ ಕಳೆದಂತೆ ಒಂದು ಪದ ಮತ್ತೆ ಮತ್ತೆ ಬರತೊಡಗಿತು. ದೊಡ್ಡ ಹೆಸರಿನವರೆಲ್ಲ ಒಲ್ಲೆನೆಂದ ಮೇಲೆ, “ಯಾರಾದರೂ ಸರಿ, ನಮ್ಮವನೇ ಆಗಲಿ” ಎಂದ ಗುಡ್ಡದ ಮುದುಕ. ಬಸ್ಸಿನ ಹಿರಿಯರು ಅಷ್ಟು ಹೊತ್ತು ಮಾತಾಡಿರಲಿಲ್ಲ. “ನಮ್ಮವನು ಎಂದರೆ ಯಾರು?” ಎಂದು ಮೆಲ್ಲನೆ ಕೇಳಿದರು. ಅಂಗಡಿಯಲ್ಲಿ ಕತ್ತರಿಯ ಸದ್ದು ನಿಂತಿತು.

ಆ ಪ್ರಶ್ನೆಯ ಹಿಂದೆ ಇದ್ದ ಚರಿತ್ರೆಯನ್ನು ಅವರೇ ನನಗೆ ಹೊರಗಿನ ಬೆಂಚಿನಲ್ಲಿ ಕುಳಿತು ಹೇಳಿದರು. 1966ರ ಅಂತಿಮ ಪಂದ್ಯದಲ್ಲಿ ರಪ್ಪರ ತಂಡದಲ್ಲಿ ಇದ್ದವರೆಲ್ಲ ಬಿಳಿಯರು. ಎದುರಿನ ಟೆಕ್ಸಸ್ ವೆಸ್ಟರ್ನಿನ ಪರ ಆಟ ಆರಂಭಿಸಿದ ಐವರೂ ಕಪ್ಪು ಜನಾಂಗದವರು. ಕೆಂಟಕಿ 72-65ರಿಂದ ಸೋತಿತು. ಆಗ ಇವರು ಶಾಲೆಗೆ ಹೋಗುವ ಹುಡುಗ. ಕೆಂಟಕಿಯ ತಂಡದಲ್ಲಿ ಕಪ್ಪು ಆಟಗಾರನೊಬ್ಬ ಆಡಲು 1970 ಆಗಬೇಕಾಯಿತು. 1997ರಲ್ಲಿ ಟಬ್ಬಿ ಸ್ಮಿತ್ ಎಂಬವರು ಆ ಪೀಠಕ್ಕೆ ಬಂದ ಮೊದಲ ಕಪ್ಪು ಕೋಚ್. ಅವರು ಬರುವ ಮೊದಲು, ಊರಿನ ಪತ್ರಿಕೆಯ ಕಪ್ಪು ಅಂಕಣಕಾರ್ತಿಯೊಬ್ಬರು ‘ದಯವಿಟ್ಟು ಬರಬೇಡಿ’ ಎಂಬರ್ಥದಲ್ಲಿ ಬರೆದಿದ್ದರಂತೆ. ದ್ವೇಷದಿಂದ ಬರೆದದ್ದಲ್ಲ; ಇಲ್ಲಿಯ ಜನ ಇವರನ್ನು ಹೇಗೆ ನಡೆಸಿಕೊಳ್ಳುವರೋ ಎಂಬ ಭಯದಿಂದ. ಸ್ಮಿತ್ ಬಂದರು, ಮೊದಲ ವರ್ಷವೇ, 1998ರಲ್ಲಿ, ಪಟ್ಟ ಗೆದ್ದರು. ಹತ್ತು ವರ್ಷಗಳಲ್ಲಿ 263 ಗೆಲುವು, 83 ಸೋಲು. ಆದರೂ ಮತ್ತೊಂದು ಪಟ್ಟ ಬರಲಿಲ್ಲವೆಂದು ಜನ ಮುಖ ಸಿಂಡರಿಸಿದರು. 2007ರಲ್ಲಿ ಅವರು ಮಿನೆಸೋಟಕ್ಕೆ ಹೋದರು. 2021ರ ಡಿಸೆಂಬರ್ 31ರಂದು, ಬೇರೊಂದು ತಂಡದ ಕೋಚ್ ಆಗಿ ಅವರು ಅಲ್ಲಿಗೆ ಆಡಿಸಲು ಬಂದಾಗ, ಅವರ ಹೆಸರಿನ ಅಂಗಿಯನ್ನು ಛಾವಣಿಗೆ ಏರಿಸಿ ಗೌರವಿಸಿದರು. “ಹದಿನಾಲ್ಕು ವರ್ಷ ಹಿಡಿಯಿತು” ಎಂದರು ಹಿರಿಯರು. “ನಮ್ಮವನು ಎಂಬ ಮಾತು ಕೇಳಿದರೆ ನನ್ನ ಕಿವಿ ನೆಟ್ಟಗಾಗುತ್ತದೆ, ಸರ್. ಆ ಪದದ ಬಾಗಿಲು ಎಷ್ಟು ಅಗಲ ಎಂದು ನೋಡಿಕೊಳ್ಳುತ್ತೇನೆ.”

ಗಡಿನಾಡಿನವನಾದ ನನಗೆ ಈ ಮಾತು ಎಲ್ಲಿ ತಾಗಬೇಕೋ ಅಲ್ಲಿ ತಾಗಿತು.

ಮರುದಿನ ಯಜಮಾನರು ಇದ್ದಕ್ಕಿದ್ದಂತೆ ನನ್ನ ಕಡೆ ತಿರುಗಿ, “ನೀವು ಒಂದು ತಿಂಗಳಿಂದ ಕೇಳುತ್ತಾ ಇದ್ದೀರಿ. ನೀವು ಹೇಳಿ, ಸರ್, ಯಾರಾಗಬೇಕು?” ಎಂದರು. ತಮಾಷೆಗೆ ಕೇಳಿದ್ದಲ್ಲ, ಎಲ್ಲರೂ ನಾನು ಹೇಳುವುದನ್ನು ಕಾಯುತ್ತಿದ್ದರು. ಒಂದು ಕ್ಷಣ ನನಗೆ ಮಾತು ಹೊರಡಲಿಲ್ಲ. ನನ್ನ ಅಪ್ಪ ನೆನಪಾದರು. 1956ರ ನವೆಂಬರ್ 1ರಂದು, ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿದ್ದ ಕಾಸರಗೋಡು ಕೇರಳಕ್ಕೆ ಸೇರಿತು. 1967ರಲ್ಲಿ ಮಹಾಜನ ಆಯೋಗ, ಚಂದ್ರಗಿರಿ ಹೊಳೆಯ ಉತ್ತರದ ಭಾಗ ಆಗಿನ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಹೇಳಿತು. ಅದು ಕಾಗದದಲ್ಲಿಯೇ ಉಳಿಯಿತು. ಅಪ್ಪ ಸಾಯುವ ತನಕ ಈ ವಿಚಾರವನ್ನು ಚಹಾದಂಗಡಿಯಲ್ಲಿ ವಾದಿಸುತ್ತಲೇ ಇದ್ದರು. ಗೆರೆ ಎಳೆಯುವವರು ಅವರನ್ನೊಮ್ಮೆ ಕರೆದು ‘ನೀವೇನಂತೀರಿ?’ ಎಂದು ಕೇಳಿದವರಲ್ಲ. ಕೇಳುವವರಿಲ್ಲದಿದ್ದರೂ ತನ್ನ ಊರಿನ ಬಗ್ಗೆ ತನಗೊಂದು ಅಭಿಪ್ರಾಯವಿದೆ ಎಂಬುದನ್ನು ಅವರು ಬಿಟ್ಟುಕೊಡಲಿಲ್ಲ. ಇಲ್ಲಿ, ಏಳು ಸಮುದ್ರದ ಆಚೆ, ನನಗೆ ಒಂದಿಷ್ಟೂ ಹಕ್ಕಿಲ್ಲದ ವಿಚಾರದಲ್ಲಿ ನನ್ನ ಅಭಿಪ್ರಾಯ ಕೇಳುತ್ತಿದ್ದಾರೆ!

“ಎಲ್ಲಿಂದ ಬಂದವರಾದರೂ ಅಡ್ಡಿಯಿಲ್ಲ, ನಿಮ್ಮ ಭಾಷೆ ಕಲಿಯುವವರಾಗಿರಲಿ” ಎಂದೆ. ಅಂಗಡಿಯಿಡೀ ನಕ್ಕಿತು. ಬರುವವರೆಲ್ಲ ಇಂಗ್ಲಿಷಿನವರೇ, ಮತ್ತೆ ಕಲಿಯುವುದೇನು? ಆಗ ನಾನು ನಮ್ಮ ಹೆಡ್‌ಮಾಸ್ತರರ ಕಥೆ ಹೇಳಬೇಕಾಯಿತು.

ಎಂಬತ್ತರ ದಶಕ. ನಾನಿದ್ದ ಕನ್ನಡ ಮಾಧ್ಯಮದ ಶಾಲೆಯಲ್ಲಿ ಹೆಡ್‌ಮಾಸ್ತರರ ಹುದ್ದೆ ತೆರವಾಗಿತ್ತು. ಯಾರು ಬರಬೇಕೆಂದು ಊರಿಗೆ ಊರೇ ತಿಂಗಳುಗಟ್ಟಲೆ ಚರ್ಚಿಸಿತು. ಮೇಲಿನ ಕಚೇರಿಯಿಂದ ಆಜ್ಞೆ ಬಂದಾಗ ನೋಡಿದರೆ, ಬಂದವರು ತೆಂಕಣದ ಆಲಪ್ಪುಳ ಕಡೆಯವರು. ಕನ್ನಡದ ಒಂದಕ್ಷರವೂ ಬಾರದು. ಊರಿನವರ ಸಿಟ್ಟು ನ್ಯಾಯವಾದದ್ದೇ. ಮಕ್ಕಳು ಏನು ಕಲಿಯುತ್ತಾರೆಂದು ತಿಳಿಯದವರು ಮಕ್ಕಳ ಶಾಲೆ ನಡೆಸುವುದು ಹೇಗೆ? ಮೊದಲ ವಾರದಲ್ಲಿ ಗುಮಾಸ್ತರು “ಸಾರ್, ಮಕ್ಕಳ ಪಟ್ಟಿ ತಂದಿದ್ದೇನೆ” ಎಂದಾಗ ಅವರು ಹೌಹಾರಿ ಬಾಗಿಲ ಕಡೆ ನೋಡಿದರು. ಮಲಯಾಳದಲ್ಲಿ ಪಟ್ಟಿ ಎಂದರೆ ನಾಯಿಯಲ್ಲವೇ! ಆದರೆ ಆ ಮನುಷ್ಯ ಮರುವಾರ ಒಂದು ಸ್ಲೇಟು ಹಿಡಿದು ಒಂದನೆಯ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತರು. ಒತ್ತಕ್ಷರ ತಪ್ಪಿದಾಗ ಮಕ್ಕಳು ನಕ್ಕರೆ ತಾನೂ ನಕ್ಕರು. ಒಂದೂವರೆ ವರ್ಷದಲ್ಲಿ ಮಕ್ಕಳ ಹೆತ್ತವರೊಂದಿಗೆ ಕನ್ನಡದಲ್ಲಿ ಮಾತಾಡುವ ಮಟ್ಟಕ್ಕೆ ಬಂದರು. ಅಷ್ಟರಲ್ಲಿ ವರ್ಗವಾಯಿತು. ಬರಬಾರದೆಂದು ಕೂಗಿದ ಅದೇ ಚಹಾದಂಗಡಿ, ‘ಇವರು ಹೋಗಬಾರದಿತ್ತು’ ಎಂದಿತು. ಅವರ ಜಾಗಕ್ಕೆ ಬಂದವರಿಗೆ ಕನ್ನಡ ಮನೆಮಾತು, ನಮ್ಮವರೇ. ಅವರು ಐದು ವರ್ಷವಿದ್ದರು. ಆ ಐದು ವರ್ಷಗಳಲ್ಲಿ ಒಂದನೆಯ ತರಗತಿಯ ಬಾಗಿಲನ್ನು ದಾಟಿದ್ದನ್ನು ನಾನು ಕಂಡಿಲ್ಲ.

ಕಥೆ ಮುಗಿದಾಗ ಯಜಮಾನರು ತಲೆಯಾಡಿಸಿದರು. “ಹಾಗಾದರೆ ನಮ್ಮ ಭಾಷೆ ಯಾವುದು?” ಎಂದು ತರುಣ ಕೇಳಿದ. ಗುಡ್ಡದ ಮುದುಕ ರೇಡಿಯೋ ಕಡೆ ಬೆರಳು ತೋರಿಸಿದ: “ನಮ್ಮಪ್ಪ ಅದರ ಮುಂದೆ ಕುಳಿತಿದ್ದನಲ್ಲ, ಅದು.” ಬಸ್ಸಿನ ಹಿರಿಯರು ಒಂದು ಮಾತು ಸೇರಿಸಿದರು: “ನಮ್ಮಪ್ಪನೂ ಕೇಳುತ್ತಿದ್ದ. ಅವನ ಜನ ತಂಡದಲ್ಲಿ ಇಲ್ಲದಾಗಲೂ ಕೇಳುತ್ತಿದ್ದ.” ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಮುದುಕ ತನ್ನ ಕುರ್ಚಿಯನ್ನು ಸ್ವಲ್ಪ ಸರಿಸಿದ. ಹಿರಿಯರು ಅವನ ಪಕ್ಕದಲ್ಲಿ ಕುಳಿತರು.

ಎಪ್ರಿಲ್ 12ರಂದು ತೀರ್ಮಾನವಾಯಿತು. ಬಂದವರು ಮಾರ್ಕ್ ಪೋಪ್. ನೆಬ್ರಾಸ್ಕದಲ್ಲಿ ಹುಟ್ಟಿ, ದೂರದ ವಾಷಿಂಗ್ಟನ್ ರಾಜ್ಯದಲ್ಲಿ ಬೆಳೆದವರು; ಕೆಂಟಕಿಗೆ ಬಂದು ಆಡಿ, 1996ರಲ್ಲಿ ಪಟ್ಟ ಗೆದ್ದ ತಂಡದ ನಾಯಕರಾಗಿದ್ದವರು. ವೃತ್ತಿಪರ ಆಟ ಮುಗಿದ ಮೇಲೆ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದುತ್ತಿದ್ದವರು ಅದನ್ನು ಅರ್ಧಕ್ಕೆ ಬಿಟ್ಟು ಕೋಚ್ ಆದರಂತೆ. ಇದನ್ನು ಕೇಳಿ ನನ್ನ ಮಗಳಿಗೆ ಸಂಕಟವಾಯಿತು. ಮೆಡಿಕಲ್ ಸೀಟು ಬಿಟ್ಟವನನ್ನು ನಮ್ಮ ಕಡೆ ಕ್ಷಮಿಸುವವರುಂಟೇ? ಕೆಂಟಕಿಯವರಿಗೆ ಬೇರೆ ಕಾರಣಕ್ಕೆ ಸಂಕಟ. ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಕೋಚ್ ಆಗಿ ಆ ತನಕ ಒಂದೇ ಒಂದು ಪಂದ್ಯ ಗೆಲ್ಲದವರು ಪೋಪ್. ಮೊದಲ ದಿನ ರೇಡಿಯೋಕ್ಕೆ ಫೋನ್ ಮಾಡಿದವರ ಗೋಳು ಕೇಳಲು ಅಸಾಧ್ಯ. ಎರಡು ದಿನ ಕಳೆದು, 14ರಂದು, ರಪ್ ಅವರ ಹೆಸರಿನ ಕ್ರೀಡಾಂಗಣದಲ್ಲಿ ಪೋಪ್ ಅವರನ್ನು ಜನರ ಮುಂದೆ ನಿಲ್ಲಿಸಿದರು. ಪಂದ್ಯವಿಲ್ಲ, ಚೆಂಡಿಲ್ಲ, ಬರೇ ಒಬ್ಬ ಮನುಷ್ಯ ಮಾತಾಡುವುದನ್ನು ಕೇಳಲು ಇಪ್ಪತ್ತು ಸಾವಿರದಷ್ಟು ಜನ ಸೇರಿದರು. ಹಳೆಯ ತಂಡದ ಗೆಳೆಯರನ್ನು ಬಸ್ಸಿನಲ್ಲಿ ಜೊತೆಗೆ ಕರೆದುಕೊಂಡು ಪೋಪ್ ಒಳಗೆ ಬಂದರು. ಟಿವಿಯ ಮುಂದೆ ಕುಳಿತಿದ್ದ ನನಗೆ ಅಲ್ಲಿಯ ಗದ್ದಲದಲ್ಲಿ ಅವರ ಅರ್ಧ ಮಾತು ಅರ್ಥವಾಗಲಿಲ್ಲ. ಆದರೆ ಆ ಮನುಷ್ಯನಿಗೆ ಅಲ್ಲಿಯ ಭಾಷೆ ಗೊತ್ತಿದೆ ಎಂಬುದು ತಿಳಿಯಿತು.

ಇದಾದ ಮೇಲೆ ನಡೆದದ್ದು ನನಗೆ ಇನ್ನೂ ಆಶ್ಚರ್ಯ. ಆ ದೇಶದಲ್ಲಿ ಈಗ ಕಾಲೇಜು ಆಟಗಾರರು ತಮ್ಮ ಹೆಸರಿನಿಂದ ಹಣ ಗಳಿಸಬಹುದು. ಇಷ್ಟಬಂದಂತೆ ವಿಶ್ವವಿದ್ಯಾಲಯವನ್ನೂ ಬದಲಾಯಿಸಬಹುದು. ಕ್ಯಾಲಿಪಾರಿ ಹೋದ ಬೆನ್ನಿಗೆ ವಿದ್ಯಾರ್ಥಿವೇತನದ ಆಟಗಾರರೆಲ್ಲರೂ ಹೊರಟುಹೋದರು, ಒಬ್ಬನೂ ಉಳಿಯದೆ. ಪೋಪ್ ಪೂರಾ ಹೊಸ ತಂಡ ಕಟ್ಟಬೇಕಾಯಿತು. ಇದನ್ನು ತಿಳಿಸಿದ ದಿನ ಚೆರುವತ್ತೂರಿನ ಹುಡುಗಿ ಕೇಳಿದಳು: “ಕೋಚ್ ಹೋದರು, ಆಡುವವರೂ ಹೋದರು. ಮತ್ತೆ ತಂಡ ಎಂದರೆ ಯಾವುದು, ಮಾಷೇ?”

ಉಳಿದದ್ದು ಕ್ಷೌರದಂಗಡಿ, ಮಗಳೇ. ಮೇಲಿನವರು ಬದಲಾಗುತ್ತಾರೆ, ಹುಡುಗರು ಬದಲಾಗುತ್ತಾರೆ. ಬಿಟ್ಟು ಹೋಗಲು ಬೇರೆ ಜಾಗವಿಲ್ಲದವರು ಅಲ್ಲಿಯೇ ಕುಳಿತು ಇನ್ನು ಯಾರು ಎಂದು ಕೇಳುತ್ತಾರೆ. ಅವರಿಗೆ ಓಟಿಲ್ಲ, ಅಧಿಕಾರವಿಲ್ಲ. ಬರುವವನನ್ನು ಅಳೆಯುವ ಕೋಲು ಮಾತ್ರ ಅವರ ಕೈಯಲ್ಲಿದೆ. ಆ ಕೋಲಿನಲ್ಲಿ ಹುಟ್ಟಿದ ಊರನ್ನೋ ಮೈಬಣ್ಣವನ್ನೋ ಮನೆಮಾತನ್ನೋ ಅಳೆದರೆ ಟಬ್ಬಿ ಸ್ಮಿತ್ ಅವರಂಥವರು ಹೊರಗೆ ನಿಲ್ಲುತ್ತಾರೆ. ರಪ್ ಕೂಡ ಕನ್ಸಾಸಿನಿಂದ ಬಂದ ಹೊರಗಿನವರೇ ಆಗಿದ್ದರೆಂಬುದು ಮರೆತುಹೋಗುತ್ತದೆ. ಬಂದವನು ಇಲ್ಲಿಯದನ್ನು ಕಲಿಯಲು ಹಿಂದಿನ ಬೆಂಚಿನಲ್ಲಿ ಕುಳಿತುಕೊಂಡಾನೇ ಎಂದು ಅಳೆಯುವುದಾದರೆ, ಆ ಚರ್ಚೆಯನ್ನು ಒಂದು ದಿನವೂ ನಿಲ್ಲಿಸಬಾರದು.

ನಾನು ಊರಿಗೆ ಮರಳಿದ ಮೇಲೆ, 2025ರ ಫೆಬ್ರವರಿ 1ರಂದು ಕ್ಯಾಲಿಪಾರಿ ಅರ್ಕನ್ಸಾಸ್ ತಂಡದೊಂದಿಗೆ ಲೆಕ್ಸಿಂಗ್ಟನ್ನಿಗೆ ಬಂದು 89-79ರಿಂದ ಗೆದ್ದುಹೋದರು. ಜನ ಅವರನ್ನು ಕೂಗಿ ಹೀಯಾಳಿಸಿದರೆಂದು ಮಗಳು ಫೋನಿನಲ್ಲಿ ಹೇಳಿದಳು. ಆ ವರ್ಷ ಪೋಪ್ ಅವರ ಹೊಸ ತಂಡ ರಾಷ್ಟ್ರೀಯ ಪಂ​ದ್ಯಾವಳಿಯಲ್ಲಿ ಕೊನೆಯ ಹದಿನಾರರ ತನಕ ಹೋಗಿ ಟೆನೆಸಿಗೆ ಸೋತಿತು. ಸೋತ ಮರುದಿನ ಕ್ಷೌರಕ್ಕೆ ಹೋದ ಅಳಿಯನ ಹತ್ತಿರ ಯಜಮಾನರು ಮೊದಲು ನನ್ನ ಆರೋಗ್ಯ ವಿಚಾರಿಸಿದರಂತೆ. ಆಮೇಲೆ, ಈ ಪೋಪನ ಬಗ್ಗೆ ಮಾಸ್ತರರ ಅಭಿಪ್ರಾಯವೇನೆಂದು ಕೇಳಿ ತಿಳಿಸಬೇಕೆಂದು ಹೇಳಿದರಂತೆ.